ಡಬಲ್ ಡೆಕ್ಕರ್ ಬೇಡ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲೊಂದು ಬೋರ್ಡು ಹಾಕಿ

ಮಾನ್ಯ ಸಂಪಾದಕರೇ,

ಮೈಸೂರಿನ ‘ಅಂಬಾರಿ’ಯ ಹಾಗೆ ಮಂಗಳೂರಿಗೂ ಮೇಲೆ ಛಾವಣಿ ಇಲ್ಲದ ಡಬಲ್ ಡೆಕ್ಕರ್ ಬಸ್ಸು ಬರಬೇಕು, ಆಗ ಪ್ರವಾಸಿಗರು ಊರು ನೋಡಿಯಾರು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಊರಭಿಮಾನಕ್ಕೆ ನಮಸ್ಕಾರ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಮೇಲಿನ ಅಂತಸ್ತಿನಲ್ಲಿ ಕೊಡೆ ಬಿಡಿಸಿ ಕೂರುವವರು ಯಾರು? ಮಳೆ ಮುಗಿದ ಮೇಲಾದರೂ ಮೈಸೂರಿನ ಅಗಲ ರಸ್ತೆ ಬೇರೆ, ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವ ನಮ್ಮ ರಸ್ತೆ ಬೇರೆ. ವಿದ್ಯುತ್ ತಂತಿ, ಮರದ ಗೆಲ್ಲು ತಪ್ಪಿಸುವುದರಲ್ಲೇ ಪ್ರವಾಸ ಮುಗಿದೀತು. ಊರು ತೋರಿಸುವ ಬಸ್ಸುಗಳು ನಮ್ಮಲ್ಲಿ ಬೆಳಗಿನಿಂದ ರಾತ್ರಿಯ ತನಕ ಓಡುತ್ತಲೇ ಉಂಟು. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಹೊರಗಿನವರಿಗೆ ಹೇಳುವವರು ಇಲ್ಲ, ಅಷ್ಟೇ.

ನಾನು ಹಂಪನಕಟ್ಟೆ ಬಳಿಯ ಸಣ್ಣ ಲಾಡ್ಜೊಂದರ ಕೌಂಟರಿನಲ್ಲಿ ಕೂರುವವನು. ನಮ್ಮಲ್ಲಿಗೆ ಬರುವವರು ವಿಮಾನದಲ್ಲಿ ಇಳಿಯುವ ಜನ ಅಲ್ಲ. ಧರ್ಮಸ್ಥಳ, ಕೊಲ್ಲೂರು ಮುಗಿಸಿ ರಾತ್ರಿಯ ರೈಲಿಗೆ ಕಾಯುವವರು. ಮಗನನ್ನು ಕಾಲೇಜಿಗೆ ಸೇರಿಸಲು ಹಾವೇರಿ, ಕೊಪ್ಪಳದ ಕಡೆಯಿಂದ ಬಂದ ಅಪ್ಪಂದಿರು. ಎಲ್ಲರಿಗಿಂತ ಹೆಚ್ಚು, ಆಸ್ಪತ್ರೆಗೆ ಬಂದವರ ಮನೆಯವರು. ಇವತ್ತು ರಕ್ತ ಕೊಟ್ಟಿದ್ದಾರೆ, ರಿಪೋರ್ಟು ನಾಳೆ ಸಂಜೆ. ನಡುವಿನ ಹೊತ್ತು ಕಳೆಯುವುದು ಹೇಗೆ? “ಇಲ್ಲಿ ನೋಡಲಿಕ್ಕೆ ಏನೈತ್ರಿ?” ಎಂದು ಕೇಳುತ್ತಾರೆ. ಹೊರಗೆ ನಿಂತ ಕಾರಿನವರು ಸಿಟಿ ಟೂರಿಗೆ ಹೇಳುವ ದರ ಕೇಳಿದ ಮೇಲೆ ರೂಮಿಗೆ ಹೋಗಿ ಟಿವಿ ಹಾಕುತ್ತಾರೆ. ಸಮುದ್ರವನ್ನೇ ನೋಡದೆ ಮಂಗಳೂರಿನಿಂದ ವಾಪಸಾದವರು ಎಷ್ಟೋ ಮಂದಿ. ಇದು ನನಗೆ ಸಹಿಸುವುದಿಲ್ಲ.

ಹಾಗಾಗಿ ಹಳೆಯ ರಿಜಿಸ್ಟರಿನ ಖಾಲಿ ಪುಟ ಹರಿದು ನಾನೇ ದಾರಿ ಬರೆದುಕೊಡುತ್ತೇನೆ. ಬೆಳಿಗ್ಗೆ ಬಸ್ಸೇ ಬೇಡ, ನಡೆಯಿರಿ ಎನ್ನುತ್ತೇನೆ. ಬಿಸಿಲೇರುವ ಮೊದಲು ಬಾವುಟಗುಡ್ಡೆ ಹತ್ತಿದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಉಂಟು. 1899ರಲ್ಲಿ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ ಅದರ ಗೋಡೆ, ಛಾವಣಿ ಒಂದನ್ನೂ ಬಿಡದೆ ಚಿತ್ರ ಬರೆದಿಟ್ಟಿದ್ದಾರೆ. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋಯಬೇಕು, ಹಾಗೆ. ಇಳಿದು ಬಂದು ಬಂದರಿನ ಕಡೆ ತಿರುಗಿದರೆ ರೊಸಾರಿಯೊ ಚರ್ಚು, ಅಲ್ಲಿಂದ ಮುಂದೆ ಮರದ ಕೆತ್ತನೆ ಕಂಬಗಳ ಝೀನತ್ ಬಕ್ಷ್ ಮಸೀದಿ, ದೋಣಿಗಳಿಂದ ಮೀನು ಇಳಿಸುವ ಧಕ್ಕೆ. ಧಕ್ಕೆಗೆ ಹೋಗಬೇಕಾದರೆ ಬೆಳಿಗ್ಗೆ ಬೇಗ ಹೋಗಿ, ಒಳ್ಳೆಯ ಚಪ್ಪಲಿ ಹಾಕಬೇಡಿ ಎಂದು ಚೀಟಿಯಲ್ಲೇ ಬರೆಯುತ್ತೇನೆ.

ಆಮೇಲೆ ಸ್ಟೇಟ್‌ಬ್ಯಾಂಕ್. ಸಿಟಿ ಬಸ್ಸುಗಳ ತವರು ಅದೇ. ನನ್ನನ್ನು ಕೇಳಿದರೆ ಈ ಊರಿನ ಅತ್ಯುತ್ತಮ ಪ್ರವಾಸಿ ಬಸ್ಸು ಅಲ್ಲಿಂದ ಹೊರಡುವ 44. ಉಳ್ಳಾಲದ ಬಸ್ಸು. ಎಡಗಡೆಯೋ ಬಲಗಡೆಯೋ, ಕಿಟಕಿ ಬದಿ ಸೀಟು ಸಿಕ್ಕಿದರೆ ಸಾಕು. ಜ್ಯೋತಿ, ಕಂಕನಾಡಿ, ಪಂಪ್‌ವೆಲ್ ದಾಟುವಾಗ ಪೇಟೆಯ ಗದ್ದಲ. ಜೆಪ್ಪಿನಮೊಗರು ಬಿಟ್ಟ ಕೂಡಲೇ ನೇತ್ರಾವತಿ. ಸೇತುವೆಯ ಮೇಲೆ ಗಾಳಿ ಒಮ್ಮೆಲೇ ಉಪ್ಪಾಗುತ್ತದೆ. ಒಂದು ಬದಿಯಲ್ಲಿ ತೆಂಗಿನ ಮರಗಳ ಕುದ್ರು, ಅಂದರೆ ನದಿಯ ನಡುವಿನ ದ್ವೀಪ, ಇನ್ನೊಂದು ಬದಿಯಲ್ಲಿ ಅಳಿವೆಯ ಕಡೆಗೆ ಹರಡಿಕೊಳ್ಳುವ ನೀರು. ಆಗಲೇ ರೈಲು ಸೇತುವೆಯಲ್ಲಿ ಕೇರಳದ ಗಾಡಿ ಬಂದರೆ ಮಕ್ಕಳು ಸೀಟಿನಿಂದ ಏಳುತ್ತಾರೆ. ಬಸ್ಸು ಅಲ್ಲಿ ನಿಧಾನ ಹೋಗುವುದಿಲ್ಲ, ನಮ್ಮ ಡ್ರೈವರುಗಳಿಗೆ ನಿಧಾನ ಎಂಬುದು ಗೊತ್ತೂ ಇಲ್ಲ. ಆದರೂ ಕಾರಿನ ಒಳಗಿಂದ ಕಾಣದ ನದಿ ಬಸ್ಸಿನ ಎತ್ತರದಿಂದ ಪೂರ್ತಿ ಕಾಣುತ್ತದೆ. ತೊಕ್ಕೊಟ್ಟು ದಾಟಿ ಉಳ್ಳಾಲದಲ್ಲಿ ಇಳಿದರೆ ದರ್ಗಾ, ಸಮುದ್ರ, 16ನೇ ಶತಮಾನದಲ್ಲಿ ಪೋರ್ಚುಗೀಸರ ಎದುರು ನಿಂತ ರಾಣಿ ಅಬ್ಬಕ್ಕನ ಪ್ರತಿಮೆ. ಹೋಗಿ ಬರುವ ಟಿಕೇಟು ಸೇರಿಸಿದರೂ ಇಲ್ಲಿನ ಒಂದು ಮೀನೂಟದ ದುಡ್ಡಿನಷ್ಟಾಗುವುದಿಲ್ಲ.

ಮಧ್ಯಾಹ್ನದ ಮೇಲೆ ಕದ್ರಿ. ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ ಮೇಲೆ ಹೋಗುವ ಬಸ್ಸು ಹತ್ತಿ ಮಲ್ಲಿಕಟ್ಟೆಯಲ್ಲಿ ಇಳಿಸಿ ಎಂದರಾಯಿತು. ಮಂಜುನಾಥನ ಗುಡಿಯಲ್ಲಿ 968ನೇ ಇಸವಿಯ ಲೋಕೇಶ್ವರನ ಕಂಚಿನ ಮೂರ್ತಿ ಉಂಟು, ಆಳುಪ ಅರಸ ಕುಂದವರ್ಮ ಮಾಡಿಸಿದ್ದು. ಹೆಚ್ಚಿನವರು ದೇವರಿಗೆ ಕೈಮುಗಿದು ಅದನ್ನು ನೋಡದೆಯೇ ಬರುತ್ತಾರೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ನಂತೂರು, ಕುಲಶೇಖರ, ನಾಗನ ಕ್ಷೇತ್ರ ಕುಡುಪು, ಆಮೇಲೆ ವಾಮಂಜೂರು. ಮೃಗಾಲಯ ಇರುವ ಪಿಲಿಕುಳಕ್ಕೆ ದಾರಿ ಅದೇ. 2018ರಲ್ಲಿ ಅಲ್ಲಿ ತಾರಾಲಯ ಶುರುವಾದ ಮೇಲೆ ಮಕ್ಕಳಿರುವವರನ್ನು ನಾನು ಕಣ್ಣುಮುಚ್ಚಿ ಅಲ್ಲಿಗೆ ಕಳಿಸುತ್ತೇನೆ. ಮಂಗಳಾದೇವಿ ಗುಡಿಗೆ 27 ನಂಬ್ರದ ಬಸ್ಸು. ಇನ್ನು ಸಂಜೆಗೆ ಸುಲ್ತಾನ್ ಬತ್ತೇರಿ. ಟಿಪ್ಪುವಿನ ಕಾಲದ ಕರಿಕಲ್ಲಿನ ಕಾವಲು ಬುರುಜು ನೋಡಲು ಹತ್ತು ನಿಮಿಷ ಸಾಕು. ಆದರೆ ಅಲ್ಲಿಂದ ದೋಣಿ ದಾಟಿದರೆ ತಣ್ಣೀರುಬಾವಿ ಕಡಲು. ಮಳೆಗಾಲದಲ್ಲಿ ಮಾತ್ರ ದೋಣಿ ಉಂಟೋ ಇಲ್ಲವೋ ವಿಚಾರಿಸಿಕೊಂಡು ಹೊರಡಬೇಕು.

ಇಷ್ಟೆಲ್ಲ ಬರೆದುಕೊಟ್ಟರೂ ಜನ ಸ್ಟೇಟ್‌ಬ್ಯಾಂಕಿನಲ್ಲಿ ನಿಂತು ಕಂಗಾಲಾಗುತ್ತಾರೆ. ಕಾರಣ ನಮ್ಮ ಬಸ್ಸಿನ ಎದುರಿನ ಗಾಜನ್ನೇ ನೋಡಿ. ಬಸ್ಸಿನ ಹೆಸರು ಮೊಳ ಉದ್ದದ ಬಣ್ಣದ ಅಕ್ಷರದಲ್ಲಿ, ಅದರ ಮೇಲೆ ದೇವರ ಹೆಸರು, ಬದಿಯಲ್ಲಿ ಮಾಲಕರ ಮಕ್ಕಳ ಹೆಸರು. ನಂಬ್ರ ಮತ್ತು ಊರು ಮೂಲೆಯಲ್ಲಿ ಒಂದು ತುಂಡು ಬೋರ್ಡಿನಲ್ಲಿ. ಎಷ್ಟೋ ಸಲ ಅದೂ ಇಂಗ್ಲಿಷಿನಲ್ಲಿ ಮಾತ್ರ. ನಮಗೆ ಬೋರ್ಡು ಬೇಕಿಲ್ಲ, ಕಂಡಕ್ಟರ್ ಕೂಗುವುದು ಕೇಳಿಯೇ ಹತ್ತುತ್ತೇವೆ. ಗದಗದಿಂದ ಬಂದವರಿಗೆ ಆ ಕೂಗು ಹೇಗೆ ಅರ್ಥವಾಗಬೇಕು? ತುಳುವಿನಲ್ಲಿ “ಓಡೆಗ್?” (ಎಲ್ಲಿಗೆ?) ಎಂದು ಕೇಳಿದರೆ ಓಡಲು ಹೇಳಿದರೆಂದು ಗಾಬರಿಯಾದ ಅಜ್ಜಿಯೊಬ್ಬರ ಕತೆ ನಮ್ಮ ಲಾಡ್ಜಿನಲ್ಲಿ ಪ್ರಸಿದ್ಧ. ನಮ್ಮ ಕಂಡಕ್ಟರುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಮುಖ ಗಂಟು ಹಾಕಿಕೊಂಡಿದ್ದರೂ, “ಇವರನ್ನು ಕದ್ರಿಯಲ್ಲಿ ಇಳಿಸಿ” ಎಂದು ಹೇಳಿಟ್ಟರೆ ಮರೆಯುವುದಿಲ್ಲ. ಇಳಿಸಿ, ರಸ್ತೆ ದಾಟುವುದು ಎಲ್ಲಿ ಎಂದು ಕೈ ತೋರಿಸಿ, ಆಮೇಲೆ ಸೀಟಿ ಊದುತ್ತಾರೆ.

ಇನ್ನೊಂದು ಗೊಂದಲ ಶಕ್ತಿ ಯೋಜನೆಯದ್ದು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸು ಉಚಿತ. ಉತ್ತರ ಕರ್ನಾಟಕದ ಹೆಂಗಸರು ಅದೇ ಧೈರ್ಯದಲ್ಲಿ ಇಲ್ಲಿನ ಸಿಟಿ ಬಸ್ಸು ಹತ್ತಿ ಆಧಾರ್ ಕಾರ್ಡು ತೋರಿಸುತ್ತಾರೆ. ಕಂಡಕ್ಟರ್ ನಗುತ್ತಾರೆ, ಇವರಿಗೆ ಅವಮಾನ. ಮಂಗಳೂರಿನಲ್ಲಿ ಸಿಟಿ ಬಸ್ಸು ಎಂದರೆ ಬಹುಪಾಲು ಖಾಸಗಿ ಬಸ್ಸು, ಟಿಕೇಟು ಮಾಡಲೇಬೇಕು, ಸರಕಾರಿ ಸಿಟಿ ಬಸ್ಸಾದ ನರ್ಮ್ ಬಸ್ಸು ಸಿಕ್ಕಿದರೆ ಮಾತ್ರ ಉಚಿತ ಎಂದು ರೈಲು ನಿಲ್ದಾಣದಲ್ಲೇ ಒಂದು ಸಾಲು ಬರೆದು ಹಾಕಿದರೆ ಎಷ್ಟು ಜಗಳ ತಪ್ಪೀತು! ನರ್ಮ್ ಬಸ್ಸುಗಳ ಸಂಖ್ಯೆ ಹೆಚ್ಚಾಗಲಿ ಎಂಬುದು ಬೇರೆಯೇ ಬೇಡಿಕೆ, ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಕಳೆದ ಮಳೆಗಾಲದ ನಂತರ ಇಲ್ಲಿಗೆ ಬಂದ ಮುದುಕ ದಂಪತಿಯನ್ನು ನೆನೆಯುತ್ತೇನೆ. ಯಜಮಾನರಿಗೆ ಮರುದಿನ ಹೃದಯದ ಪರೀಕ್ಷೆ. ಪೂರ್ತಿ ದಿನ ಅವರು ಮಾಡಿದ್ದು ಎರಡೇ ಕೆಲಸ: 44 ಹತ್ತಿ ಉಳ್ಳಾಲಕ್ಕೆ ಹೋದರು, ಕಡಲಿಗೆ ಕಾಲು ಅದ್ದದೆ ಅದೇ ಬಸ್ಸಿಗೆ ಹತ್ತಿ ಬಂದರು. ಯಾಕೆ ಎಂದರೆ, “ಸೇತುವೆ ಮತ್ತೊಮ್ಮೆ ನೋಡಬೇಕಿತ್ತು” ಎಂದರು. ಟೂರ್ ಪ್ಯಾಕೇಜಿನಲ್ಲಿ ಇಂಥದ್ದು ಕೇಳಿದರೆ ಗೈಡು ಗಡಿಯಾರ ತೋರಿಸುತ್ತಿದ್ದ.

ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುವ ವಿದೇಶಿಯರಿಗೆ ಎಸಿ ಬಸ್ಸು, ಗೈಡು ಎಲ್ಲ ಉಂಟು; ಇರಲಿ. ನವರಾತ್ರಿಯಲ್ಲಿ ಕೆಎಸ್‌ಆರ್‌ಟಿಸಿಯವರು ದೇವಸ್ಥಾನಗಳ ಪ್ಯಾಕೇಜು ಮಾಡುತ್ತಾರೆ, ಅದೂ ಒಳ್ಳೆಯದೇ. ಉಳಿದ ದಿನಗಳಲ್ಲಿ ಬರುವ ಸಾಮಾನ್ಯ ಜನರಿಗಾಗಿ ನಾನು ಕೇಳುವುದು ಲಕ್ಷಗಟ್ಟಲೆಯ ಯೋಜನೆ ಅಲ್ಲ. ಸ್ಟೇಟ್‌ಬ್ಯಾಂಕಿನಲ್ಲಿ, ಸೆಂಟ್ರಲ್ ರೈಲು ನಿಲ್ದಾಣದ ಬಾಗಿಲಲ್ಲಿ, ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಒಂದೊಂದು ದೊಡ್ಡ ಬೋರ್ಡು. ಕನ್ನಡದಲ್ಲಿ ನೋಡುವ ಜಾಗದ ಹೆಸರು, ಬಸ್ಸಿನ ನಂಬ್ರ, ಎಲ್ಲಿ ಇಳಿಯಬೇಕು, ಯಾವ ದಿನ ರಜೆ. ಈ ರಜೆಯದ್ದು ಬಹಳ ಮುಖ್ಯ. ಪಿಲಿಕುಳದ ಮೃಗಾಲಯಕ್ಕೂ, ಬಿಜೈಯಲ್ಲಿ ಹಡಗಿನ ಆಕಾರದ ಕಟ್ಟಡದಲ್ಲಿರುವ ಶ್ರೀಮಂತಿ ಬಾಯಿ ಸರಕಾರಿ ವಸ್ತುಸಂಗ್ರಹಾಲಯಕ್ಕೂ ಸೋಮವಾರ ರಜೆ; ಭಾನುವಾರ ಧರ್ಮಸ್ಥಳ ಮುಗಿಸಿದವರು ಸೋಮವಾರವೇ ಇಲ್ಲಿರುವುದು. ರಾತ್ರಿ ಕೊನೆಯ ಬಸ್ಸಿನ ಹೊತ್ತೂ ಇರಲಿ. ಎಂಟೂವರೆ ದಾಟಿದ ಮೇಲೆ ಕೆಲವು ರೂಟಿನಲ್ಲಿ ಬಸ್ಸು ಅಪರೂಪ, ಆಮೇಲೆ ರಿಕ್ಷಾದವರು ಕೇಳಿದಷ್ಟು ಕೊಡಬೇಕು. ಬಸ್ಸು ಮಾಲಕರು ಮನಸ್ಸು ಮಾಡಿದರೆ ಇಡೀ ದಿನಕ್ಕೆ ಒಂದೇ ಟಿಕೇಟನ್ನೂ ಕೊಡಬಹುದು. ಬೇರೆ ಬೇರೆ ಮಾಲಕರ ಬಸ್ಸುಗಳಾದ ಕಾರಣ ದುಡ್ಡು ಹಂಚಿಕೊಳ್ಳುವ ಲೆಕ್ಕ ಕಷ್ಟ ಎಂಬುದು ನನಗೂ ಗೊತ್ತು, ಅದನ್ನು ಈಗಲೇ ಕೇಳುವುದಿಲ್ಲ. ಗಾಜಿನ ಮೇಲಿನ ನಂಬ್ರವನ್ನು ದೊಡ್ಡದಾಗಿ ಬರೆಸುವುದಕ್ಕೆ ಯಾವ ಲೆಕ್ಕವೂ ಬೇಕಿಲ್ಲ.

ಮಹಾನಗರಪಾಲಿಕೆಯವರು ಈ ಬೋರ್ಡನ್ನು ನವರಾತ್ರಿಗೆ ಮೊದಲು ಹಾಕಿಸಿದರೆ ಉಪಕಾರ. ಕುದ್ರೋಳಿಯ ದಸರಾ ಮೆರವಣಿಗೆಯ ದಿನ ರಸ್ತೆ ಬಂದ್ ಆಗಿ ಬಸ್ಸುಗಳ ದಾರಿ ಬದಲಾಗುತ್ತದೆ. ಅದನ್ನು ಸೀಮೆಸುಣ್ಣದಲ್ಲಿ ಬರೆಯಲು ಬೋರ್ಡಿನ ಕೆಳಗೆ ಎರಡು ಸಾಲಿನ ಜಾಗ ಖಾಲಿ ಬಿಡಲಿ.

ಇತಿ,
ಲಾಡ್ಜ್ ನೌಕರ, ಹಂಪನಕಟ್ಟೆ, ಮಂಗಳೂರು