ಮಗಳಿಗೊಂದು ಪತ್ರ: ಆನೆಯ ಕಿವಿಯ ಅರಿಶಿನ

ಮಡಗಾಂವ್, ಬುಧವಾರ ರಾತ್ರಿ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾಲ್ಕು ಸಲ ನಿನ್ನ ನಂಬರ್ ಒತ್ತಿದೆ. ನಾಲ್ಕೂ ಸಲ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಿ ನನ್ನ ದನಿ ಏರುತ್ತದೆ, ಅದನ್ನು ಕೇಳಿ ನಿನ್ನದೂ ಏರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಅವ್ವ ನಿನಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದಾಳೆ. ಅದೇ ಗಂಟಿನಲ್ಲಿ ಈ ಕಾಗದವೂ ಬರುತ್ತದೆ.

ನಿನ್ನ ಶ್ರೀಲಂಕಾ ಟ್ರಿಪ್ಪಿನ ಬಗ್ಗೆ ಅವತ್ತು ಏನೇನು ಮಾತಾಯಿತು ಅಂತ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತು. ನೀನು ಕೊನೆಗೆ ಅಂದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ನನ್ನನ್ನು ಆನೆ ಮೇಲೆ ಕೂರಿಸಿದವನು ನೀನೇ ಅಲ್ವಾ ಅಪ್ಪ? ಈಗ ಆನೆಗೆ ಸ್ನಾನ ಮಾಡಿಸೋಕೆ ಹೋಗಬೇಡ ಅಂದ್ರೆ ಹೇಗೆ?"

ಹೌದು, ಕೂರಿಸಿದವನು ನಾನೇ. ಅದರ ಬಗ್ಗೆ ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ.

ಮೊದಲು ಇನ್ನೊಂದು ಮಾತು ಹೇಳಿಬಿಡುತ್ತೇನೆ, ಜಗಳದಲ್ಲಿ ಅದು ಉಳಿದುಹೋಯಿತು. ನೀನು ಶ್ರೀಲಂಕಾಕ್ಕೆ ಹೋಗುತ್ತಿರುವುದು ನನಗೆ ತುಂಬಾ ಖುಷಿ. ಹಾನಗಲ್‌ನಿಂದ ಒಂದು ಟ್ರಂಕು ಹಿಡಿದು ಗೋವಾಕ್ಕೆ ಬಂದವನು ನಾನು. ನಮ್ಮ ಮನೆತನದಲ್ಲಿ ಪಾಸ್‌ಪೋರ್ಟ್ ಮಾಡಿಸಿದವಳು ನೀನೇ ಮೊದಲು. ಅದೂ ನಿನ್ನ ದುಡ್ಡಿನಲ್ಲಿ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇಪ್ಪತ್ತಾರು ವರ್ಷ ಊರೂರಿನ ಜನರನ್ನು ಬೀಚಿಗೆ ಬಿಟ್ಟು ಬಂದೆ. ನಾನು ಸಮುದ್ರ ನೋಡಿದ್ದೆಲ್ಲ ಹೆಚ್ಚಾಗಿ ಗಾಡಿಯ ಗಾಜಿನಿಂದಲೇ. ನನ್ನ ಮಗಳು ಮಿರಿಸ್ಸಾದ ಮರಳಿನಲ್ಲಿ ಕಾಲು ಚಾಚಿ ಕೂರುತ್ತಾಳೆ ಅಂದರೆ ನನಗೆ ಬೇರೆ ಏನು ಬೇಕು?

ಈಗ ಆ ಆನೆ.

2008ರ ಮೇ ರಜೆ. ನಿನಗೆ ಏಳು ವರ್ಷ. ಫೋಂಡಾ ಕಡೆಯ ಒಂದು ಮಸಾಲೆ ತೋಟ. ಯಾವ ತೋಟ ಅನ್ನುವುದು ಬೇಡ. ಪ್ರವಾಸಿಗರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ನನಗೆ ತಲೆಗೆ ಐವತ್ತು ರೂಪಾಯಿ ಕಮಿಷನ್ ಸಿಗುತ್ತಿತ್ತು. ಅವತ್ತು ಗಾಡಿಯಲ್ಲಿ ಒಂದು ಸೀಟು ಖಾಲಿ ಇತ್ತು ಅಂತ ನಿನ್ನನ್ನೂ ಕೂರಿಸಿಕೊಂಡೆ. ಮಾವುತ ನನ್ನ ಪರಿಚಯದವನು, ನಿನಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಿನಗೆ ಆ ಫೋಟೋ ನೆನಪಿದೆ. ಕೆಂಪು ಫ್ರಾಕು, ಎರಡು ಜಡೆ, ಮುಂದಿನ ಹಲ್ಲಿಲ್ಲದ ನಗು. ಇವತ್ತಿಗೂ ಹಾಲ್‌ನ ಗೋಡೆ ಮೇಲಿದೆ. ಅದನ್ನೇ ಗೆಳತಿಯರಿಗೆಲ್ಲ ಕಳಿಸಿದ್ದೀನಿ ಅಂದೆಯಲ್ಲ. ಆದರೆ ಮೇಲೆ ಹತ್ತುವ ಮೊದಲು ನೀನು ಆನೆಯ ಪಕ್ಕ ನಿಂತು ಒಂದು ಪ್ರಶ್ನೆ ಕೇಳಿದ್ದೆ. ಅದು ನಿನಗೆ ನೆನಪಿದೆಯೋ ಇಲ್ಲವೋ. "ಅಪ್ಪ, ಇದರ ಕಿವಿ ಹಿಂದೆ ಯಾಕೆ ಅರಿಶಿನ ಹಚ್ಚಿದ್ದಾರೆ?"

ನಾನು ಏನಂದೆ ಗೊತ್ತಾ? "ಪೂಜೆ ಮಾಡಿದ್ದಾರೆ ಪುಟ್ಟಿ, ಆನೆ ಅಂದರೆ ಗಣಪತಿ ಅಲ್ವಾ." ನೀನು ತಕ್ಷಣ ಕೈ ಮುಗಿದೆ.

ಅದು ಪೂಜೆಯ ಅರಿಶಿನ ಅಲ್ಲ. ಗಾಯದ ಮೇಲೆ ಮೆತ್ತಿದ್ದ ಅರಿಶಿನ. ಕಿವಿಯ ಹಿಂದಿನ ಚರ್ಮ ಆನೆಗೆ ತುಂಬಾ ಮೆತ್ತಗೆ. ಮಾವುತ ಕಾಲಿನಿಂದ ಒತ್ತುವುದೂ ಅಲ್ಲೇ, ಅಂಕುಶ ಹಾಕುವುದೂ ಅಲ್ಲೇ. ನಾಲ್ಕಾಣೆ ಅಗಲದ ಗಾಯ. ಅರಿಶಿನದ ಅಂಚಿನಲ್ಲಿ ಹಸಿ ಹಸಿ ಇತ್ತು, ಎರಡು ನೊಣ ಕೂತಿದ್ದವು. ಆನೆ ಕಿವಿ ಬೀಸಿದಾಗ ಎದ್ದು ಮತ್ತೆ ಅಲ್ಲೇ ಕೂರುತ್ತಿದ್ದವು. ನಾನು ನೋಡಿದೆ. ನೋಡಿಯೂ ನಿನ್ನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಮೇಲೆ ಕೂರಿಸಿದೆ. ಆಮೇಲೆ ಹಿಂದೆ ಸರಿದು ಫೋಟೋ ತೆಗೆದೆ.

ಗಾಯ ನೋಡಿದ್ದಕ್ಕಿಂತ ನಿನಗೆ ಸುಳ್ಳು ಹೇಳಿದ್ದು ನನ್ನನ್ನು ಜಾಸ್ತಿ ಸುಡುತ್ತದೆ. ನೀನು ಸರಿಯಾದದ್ದನ್ನೇ ನೋಡಿದ್ದೆ. ಏಳು ವರ್ಷದ ಹುಡುಗಿ, ಗಾಡಿಯಲ್ಲಿದ್ದ ಆರು ಜನ ದೊಡ್ಡವರಿಗೆ ಕಾಣದ್ದನ್ನು ಕಂಡೆ. ನಾನು ಅದಕ್ಕೆ ದೇವರ ಹೆಸರು ಹೇಳಿ ಮುಚ್ಚಿಬಿಟ್ಟೆ. ಇನ್ನೂ ಒಂದು ಮಾತು, ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಆಮೇಲೂ ಸುಮಾರು ಆರು ವರ್ಷ ಗಿರಾಕಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಐವತ್ತು ರೂಪಾಯಿ ತೆಗೆದುಕೊಂಡೆ. ನಿನ್ನ ಫೀಸು, ಮನೆ ಬಾಡಿಗೆ, ಗಾಡಿಯ ಕಂತು, ಎಲ್ಲದರಲ್ಲೂ ಆ ದುಡ್ಡಿದೆ. ಹೊಟ್ಟೆಪಾಡು ಅಂತ ಹೇಳಬಹುದು. ಆದರೆ ಅಷ್ಟು ಹೇಳಿದರೆ ಗಾಯ ಇರಲಿಲ್ಲ ಅಂತ ಆಗುವುದಿಲ್ಲ.

ನಿಲ್ಲಿಸಿದ್ದು 2014ರಲ್ಲಿ. ಜನವರಿ ತಿಂಗಳು. ವಯಸ್ಸಾದ ಗಂಡ ಹೆಂಡತಿ, ಗಾಲ್ಜಿಬಾಗ್‌ನಲ್ಲಿ ಕಡಲಾಮೆ ನೋಡಬೇಕು ಅಂದರು. ಕಾಣಕೋಣದ ಆಚೆ, ಗಾಳಿಮರಗಳ ಸಾಲಿರುವ ಆ ಬೀಚು. ಅರಣ್ಯ ಇಲಾಖೆಯ ಕಾವಲುಗಾರ ಮೊದಲು ನಮ್ಮ ಟಾರ್ಚ್ ಆರಿಸಿದ, ಆಮೇಲೆ ಮೊಬೈಲ್ ಒಳಗಿಡಿಸಿದ. ದೂರದಲ್ಲಿ, ಕತ್ತಲಲ್ಲಿ ಕೂರಿಸಿದ. ಎರಡು ಗಂಟೆ ಏನೂ ಇಲ್ಲ. ಆಮೇಲೆ ನೀರಿನಂಚಿನಲ್ಲಿ ಒಂದು ಕಪ್ಪು ಗುಡ್ಡೆ. ಆಲಿವ್ ರಿಡ್ಲೆ ಜಾತಿಯ ಆಮೆ. ಹಿಂಗಾಲುಗಳಿಂದ ಗುಂಡಿ ತೋಡಿತು, ಎಡಗಾಲು ಒಮ್ಮೆ, ಬಲಗಾಲು ಒಮ್ಮೆ, ನಿಮ್ಮವ್ವ ಹಿಟ್ಟು ತೋಡಿ ಹಾಕುವ ಹಾಗೆ ಹದವಾಗಿ. ಮೊಟ್ಟೆ ಇಟ್ಟು ಮರಳು ಮುಚ್ಚಿತು. ಆಮೇಲೆ ಇಡೀ ಮೈಯನ್ನು ಆ ಕಡೆ ಈ ಕಡೆ ಎತ್ತಿ ಎತ್ತಿ ಕುಕ್ಕಿ ಮರಳು ಗಟ್ಟಿ ಮಾಡಿತು. ದಪ್, ದಪ್ ಅಂತ ಆ ಸದ್ದು ನಾವು ಕೂತಲ್ಲಿಗೂ ಕೇಳುತ್ತಿತ್ತು. ಸುಮಾರು ನೂರು ಮೊಟ್ಟೆ ಇರುತ್ತದಂತೆ, ಮರಿ ಬರಲು ಐವತ್ತು ದಿನದ ಹತ್ತಿರ ಬೇಕು. ತಾಯಿ ತಿರುಗಿ ನೋಡದೆ ಸಮುದ್ರಕ್ಕೆ ಹೋಯಿತು. ಯಾರೂ ಮುಟ್ಟಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ. ವಾಪಸ್ ಬರುವಾಗ ಆ ಅಮ್ಮ ಹಿಂದಿನ ಸೀಟಿನಲ್ಲಿ ಸುಮ್ನೆ ಅಳುತ್ತಿದ್ದರು. ನನಗೂ ಮಾತು ಬರಲಿಲ್ಲ. ಮರುದಿನ ಆನೆ ಟ್ರಿಪ್ ಕೇಳಿದವರಿಗೆ ಮೊದಲ ಸಲ ಇಲ್ಲ ಅಂದೆ.

ಅದಕ್ಕೇ ಹೇಳುತ್ತೇನೆ, ನೀನು ಕಳಿಸಿದ ಆ ಟೂರ್ ಪ್ಯಾಕೇಜಿನಲ್ಲಿ ಎರಡು ವಿಷಯ ಬೇಡ.

ಒಂದು, ಆನೆ ಸ್ನಾನ. "ಸವಾರಿ ಇಲ್ಲ, ಬರೀ ಸ್ನಾನ" ಅಂತ ಬರೆದಿದ್ದಾರೆ, ಓದಿದೆ. ಯೋಚನೆ ಮಾಡು ಪುಟ್ಟಿ. ದಿನಕ್ಕೆ ಹತ್ತು ಗುಂಪು ಬಂದು ಉಜ್ಜಿದರೂ ಕದಲದೆ ಮಲಗುವ ಆನೆ, ತಾನಾಗಿ ಹಾಗೆ ಮಲಗುವುದಿಲ್ಲ. ಹಾಗೆ ಮಲಗುವುದನ್ನು ಅದಕ್ಕೆ ಎಂದೋ ಹೆದರಿಸಿ ಕಲಿಸಿರುತ್ತಾರೆ. ಆನೆಯ ಮೈ ತೊಳೆಯಲು ನಾವು ಬೇಕಿಲ್ಲ, ಅದಕ್ಕೆ ಸೊಂಡಿಲು ಇದೆ, ಕೆಸರು ಇದೆ.

ಇನ್ನೊಂದು, ಆಮೆ ಮರಿ ಕೈಯಲ್ಲಿ ಹಿಡಿದು ಸಮುದ್ರಕ್ಕೆ ಬಿಡುವುದು. ಕೇಳಲು ಒಳ್ಳೆಯ ಕೆಲಸದ ಹಾಗಿದೆ. ಆದರೆ ಗಾಲ್ಜಿಬಾಗ್‌ನ ಕಾವಲುಗಾರ ನನಗೆ ಹೇಳಿದ್ದನ್ನು ಕೇಳು. ಮರಿ ಮೊಟ್ಟೆಯಿಂದ ಬರುವಾಗ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗ ಒಂದಿಷ್ಟು ಉಳಿಸಿಕೊಂಡು ಬರುತ್ತದೆ. ಮೊದಲ ಒಂದೆರಡು ದಿನ ಅದರ ಬಲದಲ್ಲೇ ನಿಲ್ಲದೆ ಈಜಿ ಆಳದ ನೀರು ಸೇರಬೇಕು. ತೊಟ್ಟಿಯಲ್ಲಿ ಎರಡು ಮೂರು ದಿನ ಇಟ್ಟುಕೊಂಡರೆ ಆ ಬಲವೆಲ್ಲ ಸಿಮೆಂಟಿನ ಗೋಡೆಗೆ ಡಿಕ್ಕಿ ಹೊಡೆಯುವುದರಲ್ಲೇ ಮುಗಿಯುತ್ತದೆ. ತೊಟ್ಟಿ ಕಂಡರೆ ಅಲ್ಲಿ ದುಡ್ಡು ಕೊಡಬೇಡ. ರಾತ್ರಿ ಹುಟ್ಟಿದ ಮರಿಗಳನ್ನು ಆಗಲೇ ಬಿಟ್ಟು, ತಾವೇ ನಡೆದು ಹೋಗಲಿ ಅಂತ ದೂರ ನಿಲ್ಲುವವರಿದ್ದರೆ ಹೋಗು. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಮರಿಗಳು ಸಮುದ್ರದ ಬೆಳಕು ಹಿಡಿದು ಹೋಗುತ್ತವೆ. ನಮ್ಮ ಬೆಳಕು ಕಂಡರೆ ದಿಕ್ಕು ತಪ್ಪುತ್ತವೆ. ಹಗಲು ಅಲ್ಲಿಯ ಹಿಕ್ಕಡುವಾ ಬೀಚಿನಲ್ಲಿ ದೊಡ್ಡ ಆಮೆಗಳು ದಡಕ್ಕೇ ಬರುತ್ತವಂತೆ, ಜನ ಪಾಚಿ ತಿನ್ನಿಸುತ್ತಾರಂತೆ. ನೀನು ನೋಡು, ಮುಟ್ಟಬೇಡ.

ಬೇಡ ಬೇಡ ಅನ್ನುವುದೇ ಆಯಿತು ಅಂತ ನಿನಗೆ ಸಿಟ್ಟು ಬರುತ್ತಿರಬಹುದು. ಹೋಗುವ ಜಾಗವನ್ನೂ ಹೇಳುತ್ತೇನೆ. ಶ್ರೀಲಂಕಾಕ್ಕೆ ಎರಡು ಸಲ ಹೋಗಿ ಬಂದ ನನ್ನ ಒಬ್ಬ ಹಳೆಯ ಗಿರಾಕಿಯನ್ನು ಕೇಳಿ ತಿಳಿದುಕೊಂಡೆ. ಉಡವಲವೆಯಲ್ಲಿ ತಾಯಿ ಇಲ್ಲದ ಆನೆಮರಿಗಳನ್ನು ಸಾಕುವ ಸರ್ಕಾರದ ಕೇಂದ್ರ ಇದೆ, 1995ರಿಂದ ಇದೆ. ಹಾಲು ಕುಡಿಸುವ ಹೊತ್ತಿಗೆ ಕಟ್ಟೆ ಮೇಲೆ ನಿಂತು ನೋಡಬಹುದು, ಅಷ್ಟೇ. ಮುಟ್ಟಲು ಬಿಡುವುದಿಲ್ಲ, ಯಾಕೆಂದರೆ ಬೆಳೆದ ಮೇಲೆ ಅವುಗಳನ್ನು ಕಾಡಿಗೆ ಬಿಡುತ್ತಾರೆ. ಮನುಷ್ಯರ ರೂಢಿ ಹಿಡಿದರೆ ಕಾಡಿನಲ್ಲಿ ಬದುಕುವುದು ಕಷ್ಟ. ಪಕ್ಕದಲ್ಲೇ ಅಭಯಾರಣ್ಯ, ಜೀಪಿನಲ್ಲಿ ಹೋದರೆ ಹಿಂಡು ಹಿಂಡು ಕಾಡಾನೆ ಕಾಣುತ್ತವೆ. ಮಿರಿಸ್ಸಾದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು.

ಇನ್ನು ತಿಮಿಂಗಿಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಆ ಕಡೆ ನೀಲಿ ತಿಮಿಂಗಿಲ ಸಿಗುತ್ತವೆ, ನೀವು ಸರಿಯಾದ ತಿಂಗಳಿಗೇ ಹೋಗುತ್ತಿದ್ದೀರಿ. ಬೋಟು ಹತ್ತುವ ಮೊದಲು ಒಂದೇ ಪ್ರಶ್ನೆ ಕೇಳು: ತಿಮಿಂಗಿಲ ಕಂಡ ಮೇಲೆ ಎಂಜಿನ್ ಏನು ಮಾಡುತ್ತೀರಿ? ನಮ್ಮ ಗೋವಾದ ಪಾಲೋಲೆಂ ಬೀಚಿನಲ್ಲಿ ಡಾಲ್ಫಿನ್ ತೋರಿಸುವ ಬೋಟಿನವರನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಎಂಜಿನ್ ಆರಿಸಿ ಕಾಯುವವನ ಹತ್ತಿರ ಡಾಲ್ಫಿನ್ ಕೆಲವೊಮ್ಮೆ ತಾನೇ ಬರುತ್ತದೆ. ಅಟ್ಟಿಸಿಕೊಂಡು ಹೋಗುವವನಿಗೆ ಬರೀ ಬೆನ್ನು ಕಾಣುತ್ತದೆ. ಲೈಫ್ ಜಾಕೆಟ್ ಕೊಡದ ಬೋಟು ಹತ್ತಬೇಡ. ಮಾತ್ರೆ ತೆಗೆದುಕೊಂಡು ಹತ್ತು, ನಿನಗೆ ಮೊದಲಿಂದಲೂ ಬೋಟಿನಲ್ಲಿ ವಾಂತಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ಅಲೆ ಜೋರಿದ್ದರೆ ಗೆಳತಿಯರು ಎಷ್ಟು ಕರೆದರೂ ನೀರಿಗೆ ಇಳಿಯಬೇಡ. ಈಜು ಬರುತ್ತದೆ ಅಂತ ಧೈರ್ಯ ಬೇಡ, ಈಜು ಬಂದವರನ್ನೇ ಸಮುದ್ರ ಎಳೆದುಕೊಂಡು ಹೋಗಿದ್ದನ್ನು ನಾನು ಇದೇ ಗೋವಾದಲ್ಲಿ ನೋಡಿದ್ದೇನೆ.

ಬೈಯಬಾರದು ಅಂತ ಶುರು ಮಾಡಿದ್ದೆ. ಎಲ್ಲಿಗೋ ಬಂದುಬಿಟ್ಟೆ. ತಪ್ಪು ತಿಳಿಯಬೇಡ.

ಎರಡು ದಿನವಾದರೂ ಏನೂ ಮಾಡದೆ ಬೀಚಿನಲ್ಲಿ ಬಿದ್ದುಕೋ. ಫೋನ್ ರೂಮಿನಲ್ಲೇ ಇರಲಿ. ಸಂಜೆ ಒಂದು ಸಲ ಅವ್ವನಿಗೆ ಮೆಸೇಜು ಹಾಕಿದರೆ ಸಾಕು.

ಗೋಡೆ ಮೇಲಿನ ಫೋಟೋ ನಿನ್ನೆ ಕೆಳಗಿಳಿಸಿದ್ದೆ. ನಿಮ್ಮವ್ವ ಮತ್ತೆ ಹಾಕಿದಳು. "ಅವಳ ಫೋಟೋ, ಅವಳು ಹೇಳಲಿ" ಅಂದಳು. ಸರಿ ಅನ್ನಿಸಿತು. ಹತ್ತಿರದಿಂದ ನೋಡಿದರೆ ನಿನ್ನ ಬಲಗಾಲಿನ ಪಕ್ಕ ಸ್ವಲ್ಪ ಹಳದಿ ಕಾಣುತ್ತದೆ.

ಬಸ್ಸು ಶುಕ್ರವಾರ ಬೆಳಿಗ್ಗೆ ಪುಣೆಯ ಸ್ವಾರಗೇಟಿಗೆ ಬರುತ್ತದೆ. ಡ್ರೈವರ್ ಹತ್ತಿರ ನಿನ್ನ ನಂಬರ್ ಕೊಟ್ಟಿದ್ದೇನೆ. ರೊಟ್ಟಿ ಮೇಲಿನ ಡಬ್ಬಿಯಲ್ಲಿದೆ, ಒಡೆಯದ ಹಾಗೆ ಇಳಿಸಿಕೋ.

ನಿನ್ನ
ಅಪ್ಪ