ಕೊಗ್ಗಿ ಗಿಡವನ್ನು ಕಳೆ ಎಂದವರಾರು?

ಮಾನ್ಯರೇ,

ಇಂಡಿ ರಸ್ತೆಯ ಇಕ್ಕೆಲಗಳಲ್ಲಿ ಕಳೆ ತೆರವುಗೊಳಿಸಿದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿ ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ. ಅಲ್ಲಿ ಕಿತ್ತೆಸೆದದ್ದರಲ್ಲಿ ಬಹುಪಾಲು ಕೊಗ್ಗಿ ಗಿಡ. ಜೆಸಿಬಿಯವರು ಅದನ್ನು ಬೇರುಸಹಿತ ಕಿತ್ತು ನನ್ನ ಹೊಲದ ಬದುವಿನ ಮೇಲೆಯೇ ರಾಶಿ ಹಾಕಿ, ಮರುದಿನ ಬೆಂಕಿ ಹಚ್ಚಿದ್ದರಿಂದ ಅಂಚಿನ ನಾಲ್ಕು ನಿಂಬೆ ಗಿಡಗಳು ಕಮರಿವೆ. ಹೊಗೆಗೆ ನನ್ನ ವೃದ್ಧ ತಾಯಿ ರಾತ್ರಿಯಿಡೀ ಕೆಮ್ಮಿದರು. ಮೂರನೆಯ ದಿನ ಬಿದ್ದ ಒಂದೇ ಮಳೆಗೆ ರಸ್ತೆ ಬದಿಯ ಸಡಿಲ ಮಣ್ಣು ಕೊಚ್ಚಿ ಬಂದು ನಮ್ಮ ಕಾಲುದಾರಿಯೂ ಮುಚ್ಚಿಹೋಗಿದೆ.

ಆಳಕ್ಕೆ ಬೇರಿಳಿಸಿ, ಗರಸು ಮಣ್ಣಿನಲ್ಲೂ ನೀರು ಬೇಡದೆ ಬದುಕಿ, ನೇರಳೆ ಹೂ ಬಿಡುವ ಈ ಗಿಡ ನಮ್ಮಂಥ ಬರದ ಸೀಮೆಗೆ ಹೇಳಿ ಮಾಡಿಸಿದ್ದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಇದು ಒಳ್ಳೆಯ ಹಸಿರೆಲೆ ಗೊಬ್ಬರ. ಎಲೆಯನ್ನು ಹಿಡಿದು ಎಳೆದರೆ ಬಾಣದ ಗರಿಯಂತೆ ಓರೆಯಾಗಿ ಹರಿಯುತ್ತದೆಂದೇ ಆಯುರ್ವೇದದವರು ಇದಕ್ಕೆ ಶರಪುಂಖ ಎಂದು ಹೆಸರಿಟ್ಟರು. ಪ್ಲೀಹದ, ಅಂದರೆ ಗುಲ್ಮದ ಬೇನೆಗೆ ಬಳಸುತ್ತಿದ್ದುದರಿಂದ ಪ್ಲೀಹಶತ್ರು ಎಂದೂ ಕರೆದರು. ನಮ್ಮ ತಂದೆಯವರು ಇದೇ ರಸ್ತೆ ಬದಿಯಲ್ಲಿ ಒಣಗಿದ ಕಾಯಿಗಳನ್ನು ಆಯ್ದು ತಂದು, ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಮರಳಿನಲ್ಲಿ ತಿಕ್ಕಿ, ನಿಂಬೆ ಸಾಲುಗಳ ನಡುವೆ ಬಿತ್ತುತ್ತಿದ್ದರು. ನಾನೂ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಈ ವರ್ಷ ಕಾಯಿ ಬಲಿಯುವ ಹೊತ್ತಿಗೇ ಎಲ್ಲವೂ ಬೂದಿಯಾಯಿತು.

ಕೇಳಲು, ಈ ಕಳೆ ತೆರವು ಮಾಡಿಸಿದವರ ಕಚೇರಿಗೆ ಮೂರು ಸಲ ಅಲೆದೆ. ಸಾಹೇಬರು ಸಭೆಯಲ್ಲಿದ್ದಾರೆ ಎಂಬುದೊಂದೇ ಉತ್ತರ. ಎರಡು ವರ್ಷದ ಹಿಂದೆ ಇದೇ ರಸ್ತೆ ಬದಿಯಲ್ಲಿ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಒಂದು ಟ್ಯಾಂಕರ್ ನೀರೂ ಹಾಕದೆ ಒಣಗಿಸಿದವರು ಇವರೇ. ಅದಕ್ಕೂ ಮೊದಲು ಚರಂಡಿಗೆಂದು ಅಗೆದ ಗುಂಡಿಯನ್ನು ಇಂದಿಗೂ ಮುಚ್ಚಿಲ್ಲ. ಕಳೆದ ವರ್ಷ ನಮ್ಮ ಎಮ್ಮೆ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡಿತು. ನೆಟ್ಟದ್ದನ್ನು ಉಳಿಸಲಾಗದವರಿಗೆ ತಾನಾಗಿ ಬೆಳೆದದ್ದನ್ನು ಕೀಳುವ ಅಧಿಕಾರ ಕೊಟ್ಟವರಾರು?

ಸುಟ್ಟ ನಿಂಬೆ ಗಿಡಗಳಿಗೆ ಪರಿಹಾರ ಕೊಡಬೇಕು, ಉಳಿದ ಕಡೆಯಾದರೂ ಈ ಕೆಲಸವನ್ನು ಕೂಡಲೇ ನಿಲ್ಲಿಸಬೇಕು. ಇಲ್ಲವಾದರೆ, ಕೀಳುವ ಮುನ್ನ ಊರಿನ ಒಬ್ಬ ರೈತನನ್ನಾದರೂ ಕರೆದು ಇದು ಯಾವ ಗಿಡ ಎಂದು ಕೇಳಬೇಕು. ಸರ್ಕಾರದ ಸಂಬಳ ಪಡೆದು ಈ ನೆಲದಲ್ಲೇ ಕೆಲಸ ಮಾಡುವವರಿಗೆ ಈ ನೆಲದ ಒಂದು ಗಿಡದ ಗುರುತೂ ಇಲ್ಲದಿರುವುದು ನಾಚಿಕೆಗೇಡು.

– ನಿಂಬೆ ಬೆಳೆಗಾರ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ