ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಬೋರ್ ನೀರನ್ನು ಚೆನ್ನಾಗಿ ಕುದಿಸಿ ಕುಡಿದರೆ ಅದರಲ್ಲಿರುವ, ಜಾಸ್ತಿಯಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಅನ್ನುವ ಲವಣಾಂಶ ಹೋಗುತ್ತೆ ಅನ್ನುವ ಮಾತು ನಮ್ಮ ಕೋಲಾರದ ಹಳ್ಳಿಗಳಲ್ಲಿ ಈಗಲೂ ಕೇಳುತ್ತದೆ. ಓದಿದವರೂ ಹೇಳುತ್ತಾರೆ. ಇದು ಸುಳ್ಳು, ಅಪಾಯ ಕೂಡ. ಕುದಿಸಿದಷ್ಟೂ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಇದ್ದ ನೀರನ್ನು ಅರ್ಧಕ್ಕೆ ಇಳಿಸಿದರೆ ಹೆಚ್ಚುಕಡಿಮೆ 4 ಆಗುತ್ತದೆ. ವಾಂತಿ ಭೇದಿ ತರುವ ರೋಗಾಣುಗಳು ಸಾಯುತ್ತವೆ, ಅದು ನಿಜ. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ, ಅದನ್ನು ನೋಡಿ ಜನ ಫ್ಲೋರೈಡ್ ಕೆಳಗೆ ಕೂತಿತು ಅಂದುಕೊಳ್ಳುತ್ತಾರೆ. ಅದು ಬಹುಪಾಲು ಗಡಸು ನೀರಿನ ಸುಣ್ಣ.

ಕುದಿಸಿದರೂ ಫ್ಲೋರೈಡ್ ಹೋಗದಿರುವುದಕ್ಕೆ ಕಾರಣ ನೀರಿನ ಅಣುವಿನಲ್ಲೇ ಇದೆ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್, ನೇರವಾಗಿ ಅಲ್ಲ, 104.5 ಡಿಗ್ರಿ ಕೋನದಲ್ಲಿ ಬಾಗಿ ನಿಂತಿವೆ. ಆಕ್ಸಿಜನ್ ಕಡೆ ಸ್ವಲ್ಪ ಋಣ ವಿದ್ಯುತ್, ಹೈಡ್ರೋಜನ್ ಕಡೆ ಸ್ವಲ್ಪ ಧನ. ಹಾಗಾಗಿ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತದೆ. ಇದೇ ಹೈಡ್ರೋಜನ್ ಬಂಧ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿತ ಇಲ್ಲದಿದ್ದರೆ ಕೆರೆಯೂ ಇಲ್ಲ, ನಾವೂ ಇಲ್ಲ. ನೀರಿನಂತೆಯೇ ಬಾಗಿದ ಅಣುವಿರುವ, ಅದಕ್ಕಿಂತ ಭಾರವಾದ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ, ನೀರು ಮಾತ್ರ 100 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಶ್ರೀನಿವಾಸಪುರದ ಮಾವಿನ ಮರದ ತುದಿ ಎಲೆಗೆ ಮೋಟಾರ್ ಇಲ್ಲದೆ ನೀರು ಹತ್ತುವುದೂ ಇದರಿಂದಲೇ. ಎಲೆಯಿಂದ ಒಂದು ಅಣು ಆವಿಯಾಗಿ ಹೋದರೆ ಹಿಂದಿನದನ್ನು ಎಳೆಯುತ್ತದೆ, ಅದು ಅದರ ಹಿಂದಿನದನ್ನು, ಹೀಗೆ ಬೇರಿನವರೆಗೂ.

ಇದೇ ಗುಣ ನಮಗೆ ತೊಂದರೆಯನ್ನೂ ತಂದಿದೆ. ಅನ್ನದ ಉಪ್ಪನ್ನು ರಕ್ತಕ್ಕೆ ಸೇರಿಸುವ ನೀರೇ ಬಂಡೆಯಿಂದ ಫ್ಲೋರೈಡನ್ನೂ ಎತ್ತಿಕೊಂಡು ಬರುತ್ತದೆ. ನಮ್ಮ ಬೋರ್ ನೀರು ಸಾವಿರ ಅಡಿ ಕೆಳಗೆ ಕಲ್ಲಿನ ಸಂದಿಯಲ್ಲಿ ಎಷ್ಟೋ ಕಾಲ ನಿಂತದ್ದು. ಫ್ಲೋರೈಡ್ ಋಣ ಅಯಾನು, ಅಂದರೆ ಋಣ ವಿದ್ಯುತ್ ಇರುವ ಕಣ. ನೀರಿನ ಅಣುಗಳು ತಮ್ಮ ಹೈಡ್ರೋಜನ್ ಕಡೆಯನ್ನು ಅದಕ್ಕೆ ಒಡ್ಡಿ ಸುತ್ತ ಮುತ್ತಿಕೊಳ್ಳುತ್ತವೆ, ನೀರು ನೀರನ್ನು ಹಿಡಿಯುವುದಕ್ಕಿಂತ ಗಟ್ಟಿಯಾಗಿ. ಒಲೆಯ ಬಿಸಿಗೆ ಅದು ಹಾರಿಹೋಗುವುದಿಲ್ಲ.

ಶುದ್ಧ ನೀರಿನ ಘಟಕಗಳು ಬಂದಿವೆ, ಒಳ್ಳೆಯದು. ಆದರೆ ಕ್ಯಾನ್ ನೀರು ಕುಡಿಯೋದಕ್ಕೆ ಮಾತ್ರ, ಮುದ್ದೆಯ ಎಸರಿಗೆ, ಸಾರಿಗೆ ನಲ್ಲಿ ನೀರು. ಎಸರಿನಲ್ಲಿದ್ದ ಫ್ಲೋರೈಡ್ ಎಲ್ಲಿಗೆ ಹೋಗುತ್ತೆ ಹೇಳಿ? ಮುದ್ದೆಯೊಳಕ್ಕೆ. ದಯವಿಟ್ಟು ಎಸರಿಗೂ ಘಟಕದ ನೀರನ್ನೇ ಇಡಿ, ಅದರಲ್ಲೂ ಹಲ್ಲು ಮೂಡುತ್ತಿರುವ ಚಿಕ್ಕ ಮಕ್ಕಳಿರುವ ಮನೆಯಲ್ಲಿ. ಹಲ್ಲಿನ ಮೇಲೆ ಒಮ್ಮೆ ಕಂದು ಕಲೆ ಬಂದರೆ ಉಜ್ಜಿದರೆ ಹೋಗುವುದಿಲ್ಲ, ವರ್ಷಗಟ್ಟಲೆ ಜಾಸ್ತಿ ಸೇರಿದರೆ ಮೂಳೆ ಕೀಲುಗಳೂ ಬಿಗಿಯುತ್ತವೆ.

ಇನ್ನೊಂದು ವಿಷಯ. ಘಟಕ ಶುದ್ಧ ಮಾಡುವಾಗ ಬೇರ್ಪಡಿಸಿ ಹೊರಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ. ಅದನ್ನು ಸುಮ್ನೆ ಚರಂಡಿಗೆ ಬಿಟ್ಟರೆ ದನ ಕುಡಿಯುತ್ತವೆ. ಅವುಗಳ ಹಲ್ಲು, ಮೂಳೆಯೂ ಹಾಳಾಗುತ್ತವೆ.

ಪಂಚಾಯಿತಿಗಳಿಗೆ ನನ್ನ ಬೇಡಿಕೆ ಇಷ್ಟು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಪ್ರತಿ ಘಟಕದ ಗೋಡೆ ಮೇಲೆ ಬೋರ್ ನೀರಿನಲ್ಲಿ ಎಷ್ಟಿದೆ, ಶುದ್ಧ ಮಾಡಿದ ನೀರಿನಲ್ಲಿ ಎಷ್ಟಿದೆ, ಪರೀಕ್ಷೆ ಯಾವತ್ತು ಆಯಿತು, ಘಟಕದಲ್ಲಿ ನೀರು ಸೋಸುವ ಪೊರೆ ಯಾವಾಗ ಬದಲಾಯಿಸಿದ್ದು ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ಅದರ ಕೆಳಗೆ ಈ ಪತ್ರದ ತಲೆಬರಹವನ್ನೂ ಬರೆಸಿ.

ಒಬ್ಬ ವಿಜ್ಞಾನ ಶಿಕ್ಷಕ, ಕೋಲಾರ ಜಿಲ್ಲೆ